ಜಗಲಿ ಪಾಠಕ್ಕೆ ಬರುವವರು ಓದತಕ್ಕದ್ದು

(ಕರಿಹಲಗೆಯ ಎಡಕ್ಕೆ ಅಂಟಿಸಿದೆ. ಯಾರೂ ಕೀಳಕೂಡದು.)

ದೀಪಾವಳಿ ಕಳೆದ ಮೇಲಿನ ಭಾನುವಾರಗಳಲ್ಲಿ ರಿಪ್ಪನ್‌ಪೇಟೆಯ ಈ ಜಗಲಿಗೆ ಟೋರಸ್ ಕ್ರಿಯೆ, ಮಾಡ್ಯುಲೈ ಸ್ಪೇಸ್ ಅಂತ ಬರುವ ಎಂ.ಎಸ್ಸಿ. ಮಕ್ಕಳಿಗೂ ಅವರ ಜೊತೆ ಬರುವ ಕಾಲೇಜು ಮೇಷ್ಟ್ರುಗಳಿಗೂ ಇದು ಅನ್ವಯ. ಹೋದ ವರ್ಷ ಬಾಯಲ್ಲಿ ಹೇಳಿ ಹೇಳಿ ಸಾಕಾಯಿತು. "ಗೊತ್ತಿರಲಿಲ್ಲ ಸಾರ್" ಎಂಬುದು ಈ ವರ್ಷ ನಡೆಯುವುದಿಲ್ಲ.

ಮೊದಲು ಮನೆಯ ವಿಚಾರ. ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವಿದ್ದರೆ ತುಳಿಯಬೇಡಿ, ಬದಿಯಿಂದ ಬನ್ನಿ. ಸುಲಿಯುತ್ತ ಕೂತವರನ್ನು ಮಾತಿಗೆಳೆಯಬೇಡಿ. ಮೆಟ್ಟುಗತ್ತಿ ಮುಂದೆ ಕೂತವರ ಗಮನ ತಪ್ಪಿದರೆ ಬೆರಳಿಗೆ ಕುತ್ತು. ಚೊಗರು ಹತ್ತಿದ ಕೈಯಲ್ಲಿ ಪುಸ್ತಕ ಮುಟ್ಟಕೂಡದು. ಕರೆಂಟು ಹೋದರೆ ಪಾಠ ನಿಲ್ಲುವುದಿಲ್ಲ. ಲ್ಯಾಪ್‌ಟಾಪ್ ಮಡಚಿಟ್ಟು ಸೀಮೆಸುಣ್ಣ ಹಿಡಿಯಿರಿ. ಕಾಫಿ ಹನ್ನೊಂದಕ್ಕೆ. ಅದಕ್ಕೆ ಮುಂಚೆ ಒಳಮನೆಯ ಕಡೆ ಕತ್ತು ತಿರುಗಿಸಬೇಡಿ.

ಮಾಡಬೇಕಾದ್ದು

ಮಾತಿನ ಅರ್ಥ ಮೊದಲು ಸರಿ ಮಾಡಿಕೊಳ್ಳಿ. ಟೋರಸ್ ಅಂದ ತಕ್ಷಣ ಉದ್ದಿನವಡೆ ಬರೆಯುವವರು ಬರೆದದ್ದನ್ನು ಅಳಿಸಿ ಕೂರಬೇಕು. ಇಲ್ಲಿ ಟೋರಸ್ ಎಂದರೆ ಸೊನ್ನೆಯಲ್ಲದ ಸಂಕೀರ್ಣ ಸಂಖ್ಯೆಗಳು ಗುಣಾಕಾರದಲ್ಲಿ ಮಾಡುವ ಗುಂಪು, ಅಥವಾ ಅಂಥ ಹಲವು ಗುಂಪುಗಳ ಗುಣಲಬ್ಧ. ಅದು ಜಾಗದ ಮೇಲೆ ಕ್ರಿಯೆ ನಡೆಸುತ್ತದೆ ಎಂದರೆ ನಿರ್ದೇಶಾಂಕಗಳನ್ನು ತನ್ನ ಬೇರೆ ಬೇರೆ ಘಾತಗಳಿಂದ ಗುಣಿಸುತ್ತದೆ. ಆ ಘಾತಕ್ಕೇ ತೂಕ ಎನ್ನುತ್ತೇವೆ. ಇದು ಮಂಡಿಯ ತೂಕವಲ್ಲ, ಸೊನ್ನೆಯೂ ಆಗಬಹುದು, ಋಣವೂ ಆಗಬಹುದು. ಮಾಡ್ಯುಲೈ ಸ್ಪೇಸ್ ಅನ್ನು ಗ್ರಾಮನಕ್ಷೆಯ ಹಾಗೆ ನೋಡಿ. ನಕ್ಷೆಯ ಮೇಲಿನ ಒಂದು ಸರ್ವೆ ನಂಬರು ಹೊರಗೆ ಒಂದು ನಿಜವಾದ ಜಮೀನು. ಇಲ್ಲಿ ಒಂದೊಂದು ಬಿಂದುವೂ ಹೊರಗೆ ಒಂದು ಗೆರೆ, ಒಂದು ವಕ್ರ, ಅಥವಾ ಒಂದು ವೆಕ್ಟರ್ ಬಂಡಲ್. ಅವುಗಳ ಮೇಲೆ ಷರತ್ತು ಹಾಕುತ್ತ ಹೋಗಿ ಕೊನೆಗೆ ಎಷ್ಟು ಉಳಿದವು ಎಂದು ಎಣಿಸುವುದು ಛೇದನ ಸಿದ್ಧಾಂತ. ಟೋರಸ್ಸಿನ ಓಡಾಟವನ್ನೂ ಲೆಕ್ಕದಲ್ಲಿಟ್ಟುಕೊಂಡು ಅದನ್ನೇ ಮಾಡಿದರೆ ಈಕ್ವಿವೇರಿಯಂಟ್. ಇದಕ್ಕೆ ಕನ್ನಡದಲ್ಲಿ ಒಳ್ಳೆ ಶಬ್ದ ಸಿಕ್ಕುವವರೆಗೆ ಹೀಗೇ ಹೇಳೋಣ. ಬಾಯಿಗೆ ಬಾರದ ಸಂಸ್ಕೃತ ಸಮಾಸ ಕಟ್ಟಿ ತರಬೇಡಿ.

ಪ್ರತಿಯೊಬ್ಬರೂ ಮಾದರಿಯನ್ನು ತಮ್ಮ ಕೈಯಲ್ಲೇ ಕಟ್ಟತಕ್ಕದ್ದು. ಹಿತ್ತಲಲ್ಲಿ ಬಿದ್ದ ನಾಲ್ಕು ಹಣ್ಣಡಿಕೆ ಸಿಪ್ಪೆ ಸಮೇತ ತನ್ನಿ, ತೆಂಗಿನ ಹಿಡಿಯಿಂದ ಆರು ಕಡ್ಡಿ ಮುರಿದುಕೊಳ್ಳಿ (ಹೊಸ ಹಿಡಿ ಮುಟ್ಟಬೇಡಿ, ಬೈಸಿಕೊಳ್ಳುವವನು ನಾನು). ಪ್ರತಿ ಎರಡು ಅಡಿಕೆಗೂ ನಡುವೆ ಒಂದು ಕಡ್ಡಿ ಚುಚ್ಚಿದರೆ ಮುಮ್ಮೂಲೆಯ ಗೋಪುರವೊಂದು ನಿಲ್ಲುತ್ತದೆ. ಅಡಿಕೆಗಳ ಮೇಲೆ 0, 1, 2, 3 ಎಂದು ಬರೆಯಿರಿ. ಇವೇ ತೂಕ. ಮೂರು ಆಯಾಮದ ಪ್ರೊಜೆಕ್ಟಿವ್ ಜಾಗದಲ್ಲಿ ಈ ನಾಲ್ಕು ತೂಕಗಳಿಂದ ಟೋರಸ್ ಎಲ್ಲವನ್ನೂ ಅಲ್ಲಾಡಿಸುವಾಗ ಅಲ್ಲಾಡದೆ ನಿಲ್ಲುವ ಬಿಂದುಗಳು ಈ ನಾಲ್ಕು ಅಡಿಕೆ ಮಾತ್ರ. ಇಡಿಯಾಗಿ ತನ್ನ ಜಾಗದಲ್ಲೇ ಉಳಿಯುವ ಗೆರೆಗಳು ಈ ಆರು ಕಡ್ಡಿ ಮಾತ್ರ. ಅಲ್ಲಿನ ಎಲ್ಲ ಗೆರೆಗಳ ಮಾಡ್ಯುಲೈ ಸ್ಪೇಸ್ ಗ್ರಾಸ್‌ಮನ್ನಿಯನ್, ನಾಲ್ಕು ಆಯಾಮದ್ದು. ಅದರಲ್ಲಿ ಅಸಂಖ್ಯ ಬಿಂದುಗಳಿವೆ. ನಮಗೆ ಬೇಕಾದ್ದು ಈ ಆರು ಕಡ್ಡಿಗಳ ಆರೇ ಆರು ಸ್ಥಿರಬಿಂದು.

ಒಂದು ಕಡ್ಡಿಯನ್ನು ಬೆರಳಲ್ಲಿ ಹಿಡಿದು ಅದಕ್ಕೆ ತಾಗಿದ ಕಡ್ಡಿಗಳನ್ನು ಎಣಿಸಿ. ನಾಲ್ಕು. ಆ ನಾಲ್ಕು ದಿಕ್ಕುಗಳೇ ಆ ಕಡ್ಡಿಯ ಬಿಂದುವಿನಲ್ಲಿ ಸ್ಪರ್ಶಜಾಗದ ನಾಲ್ಕು ದಿಕ್ಕು. ಕಡ್ಡಿಯ ಒಂದು ತುದಿಯ ಅಡಿಕೆ ಬಿಟ್ಟು ಹೊರಗಿನ ಒಂದನ್ನು ಹಿಡಿದರೆ, ಹೊಸ ಅಂಕಿಯಿಂದ ಬಿಟ್ಟ ಅಂಕಿಯನ್ನು ಕಳೆಯಿರಿ; ಅದು ಆ ದಿಕ್ಕಿನ ತೂಕ. 0–1 ಕಡ್ಡಿಗೆ 2, 3, 1, 2 ಬರುತ್ತದೆ, ಗುಣಿಸಿದರೆ 12. 0–2ಕ್ಕೆ −3. 0–3ಕ್ಕೆ 4. 1–2ಕ್ಕೆ 4. 1–3ಕ್ಕೆ −3. 2–3ಕ್ಕೆ 12. ಈ ಆರು ಸಂಖ್ಯೆಗಳನ್ನು ಬಾಯಿಪಾಠ ಮಾಡಬೇಡಿ, ಪ್ರತಿ ಸಲ ಕಡ್ಡಿ ನೋಡಿ ಬರೆಯಿರಿ. ಇವು ಛೇದ, ಭಿನ್ನರಾಶಿಯ ಕೆಳಗಿನದು.

ಮೇಲಿನದು ನೀವು ಕೇಳುವ ಪ್ರಶ್ನೆಯಿಂದ ಬರುತ್ತದೆ. ಅಡ್ಡಾದಿಡ್ಡಿ ಇಟ್ಟ ನಾಲ್ಕು ಗೆರೆಗಳನ್ನೂ ತಾಗುವ ಗೆರೆ ಎಷ್ಟು? 1879ರಲ್ಲಿ ಪುಸ್ತಕ ಬರೆದ ಶೂಬರ್ಟ್‌ನ ಕಾಲದ ಪ್ರಶ್ನೆ ಇದು. ಕಡ್ಡಿಯ ಎರಡು ತುದಿಯ ಅಂಕಿ ಕೂಡಿಸಿ, ನಾಲ್ಕನೇ ಘಾತಕ್ಕೇರಿಸಿ, ಆಯಾ ಛೇದದಿಂದ ಭಾಗಿಸಿ. 1/12, −16/3, 81/4, 81/4, −256/3, 625/12. ಎಲ್ಲವನ್ನೂ ಹನ್ನೆರಡರ ಮೇಲೆ ತಂದರೆ 1, −64, 243, 243, −1024, 625. ಮೊತ್ತ 24. ಹನ್ನೆರಡರಿಂದ ಭಾಗಿಸಿ: 2. ಉತ್ತರ ಎರಡು ಗೆರೆ.

ಇದಾದ ಮೇಲೆ ಮಾತ್ರ ಇಪ್ಪತ್ತೇಳಕ್ಕೆ ಕೈ ಹಾಕಿ. ಮೂರನೇ ಘಾತದ ನಯವಾದ ಮೇಲ್ಮೈ ಮೇಲೆ 27 ಗೆರೆಗಳಿವೆ ಎಂದು ಕೇಲಿ ಮತ್ತು ಸಾಲ್ಮನ್ 1849ರಲ್ಲೇ ಕಂಡಿದ್ದರು. ನಮಗೆ ಅದು ಮೂರು ಭಿನ್ನರಾಶಿಯ ಕೆಲಸ. ತುದಿಯ ಅಂಕಿಗಳ ಪೈಕಿ ಒಂದರ ಮೂರರಷ್ಟು. ಅದೇ ಅಂಕಿಯ ಎರಡರಷ್ಟಕ್ಕೆ ಇನ್ನೊಂದು ಕೂಡಿಸಿದ್ದು. ಆ ಮೊದಲ ಅಂಕಿಗೆ ಇನ್ನೊಂದರ ಎರಡರಷ್ಟು ಕೂಡಿಸಿದ್ದು. ಕೊನೆಗೆ ಇನ್ನೊಂದರ ಮೂರರಷ್ಟು. ಈ ನಾಲ್ಕನ್ನೂ ಗುಣಿಸಿ. 0 ಅಂಟಿಕೊಂಡ ಮೂರು ಕಡ್ಡಿಯಲ್ಲೂ ಸೊನ್ನೆ. ಉಳಿದದ್ದು 360/4, −945/3, 3024/12. ಅಂದರೆ 90 − 315 + 252. ನಾನು ಇದನ್ನು ಮೊದಲ ಸಲ ಮಾಡಿದ ದಿನ ಊಟ ತಣ್ಣಗಾಗಿತ್ತು. ಮನೆಯವರಿಗೆ ತೋರಿಸಿದರೆ, "ಮೊದಲೇ ಗೊತ್ತಿದ್ದ ಇಪ್ಪತ್ತೇಳೇ ಬಂತಲ್ಲ, ಹೊಸದೇನು?" ಅಂದರು. ಅದಕ್ಕೆ ಉತ್ತರ ಈಗಲೂ ನನ್ನ ಹತ್ತಿರ ಇಲ್ಲ.

ತೂಕ ಬದಲಿಸಿ ಎರಡನೇ ಸಲ ಮಾಡಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ. 3ನ್ನು ಅಳಿಸಿ 4 ಬರೆಯಿರಿ: 0, 1, 2, 4. ಈಗ ಮೂರು ಪದಗಳು 30, −243, 240. ಒಂದೂ ಹಳೆಯದಲ್ಲ, ಮೊತ್ತ ಮಾತ್ರ ಅದೇ 27. ಮೊತ್ತ ಬದಲಾದರೆ ಎಲ್ಲೋ ಸ್ಥಿರಬಿಂದು ಬಿಟ್ಟುಹೋಗಿದೆ, ಇಲ್ಲವೇ ಚಿಹ್ನೆ ತಪ್ಪಿದೆ. ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಮಾಡದೆ ಹಲಗೆಗೆ ಬರುವವರನ್ನು ವಾಪಸು ಕಳಿಸಲಾಗುವುದು.

ಹೀಗೆ ಭಿನ್ನರಾಶಿ ಕೂಡಿಸುವ ಸೂತ್ರ ಯಾರದು, ಎಷ್ಟಕ್ಕೆ ಅನ್ವಯ ಎಂದು ಹೇಳಿಯೇ ಬಳಸಿ. ಬಾಟ್ 1967ರಲ್ಲಿ ಶೇಷಸೂತ್ರ ಕೊಟ್ಟರು. 1982ರಲ್ಲಿ ಬರ್ಲಿನ್ ಮತ್ತು ವೆರ್ನ್, 1984ರಲ್ಲಿ ಅಟಿಯಾ ಮತ್ತು ಬಾಟ್ ಅದನ್ನು ಈಕ್ವಿವೇರಿಯಂಟ್ ಕೊಹೊಮಾಲಜಿಯ ಮಾತಾಗಿಸಿದರು. ಬೀಜಗಣಿತದವರಿಗೆ, ಅಂದರೆ ಚೌ ಗುಂಪುಗಳಲ್ಲಿ ಕೆಲಸ ಮಾಡುವವರಿಗೆ, ಟೊಟಾರೊ ಅವರ ಕಲ್ಪನೆ ಹಿಡಿದು ದಾರಿ ಮಾಡಿಕೊಟ್ಟವರು ಎಡಿಡಿನ್ ಮತ್ತು ಗ್ರಹಾಂ, 1998ರಲ್ಲಿ. ಜಾಗ ಸಾಂದ್ರವೇ (ಕಾಂಪ್ಯಾಕ್ಟ್), ನಯವೇ, ಸ್ಥಿರಬಿಂದುಗಳು ಬಿಡಿಬಿಡಿಯಾಗಿವೆಯೇ? ಈ ಮೂರಕ್ಕೂ ಬಾಯಿಬಿಟ್ಟು ಹೌದು, ಇಲ್ಲ ಹೇಳಿದ ಮೇಲೆಯೇ ಭಿನ್ನರಾಶಿ ಬರೆಯಲು ಅಪ್ಪಣೆ.

ಪ್ರೋಗ್ರಾಂ ಬರೆದವರು ಅದನ್ನು ಎರಡನೇ ದಾರಿಯಲ್ಲಿ ಪರೀಕ್ಷಿಸತಕ್ಕದ್ದು. ಕ್ವಿಂಟಿಕ್ ಎನ್ನುವ ಐದನೇ ಘಾತದ ಮೂರಾಯಾಮದ ಆಕೃತಿಯ ಮೇಲೆ ಮೂರನೇ ಘಾತದ ರ‍್ಯಾಷನಲ್ ವಕ್ರಗಳು ಎಷ್ಟು ಎಂದು ನಾರ್ವೆಯ ಎಲ್ಲಿಂಗ್ಸ್‌ರುಡ್ ಮತ್ತು ಸ್ಟ್ರೊಮ್ಮೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಬಂದದ್ದು 2682549425. ಅದೇ ಹೊತ್ತಿಗೆ ಕ್ಯಾಂಡೆಲಾಸ್ ಮತ್ತು ಸಂಗಡಿಗರು, ಭೌತಶಾಸ್ತ್ರದ ಕಡೆಯವರು, ಬೇರೆಯೇ ದಾರಿಯಿಂದ 317206375 ಎಂದಿದ್ದರು. ಗಣಿತದವರು ಮೂಗು ಮುರಿದರು. 1991ರ ಜುಲೈನಲ್ಲಿ ನಾರ್ವೆಯವರು ತಮ್ಮ ಪ್ರೋಗ್ರಾಮಿನಲ್ಲೇ ತಪ್ಪು ಹಿಡಿದು, ಸರಿಪಡಿಸಿ, 317206375 ಸರಿ ಎಂದು ತಾವೇ ಹೇಳಿದರು. ಅಷ್ಟಕ್ಕೇ ಬಿಡಲಿಲ್ಲ, 1996ರಲ್ಲಿ ಬಾಟ್ ಸೂತ್ರ ಹಿಡಿದು ಅದೇ ಸಂಖ್ಯೆಯನ್ನು ಮತ್ತೆ ತೆಗೆದರು. ನಿಮ್ಮ ಲ್ಯಾಪ್‌ಟಾಪು ಅವರ ಯಂತ್ರಕ್ಕಿಂತ ವೇಗದ್ದಿರಬಹುದು. ನೀವು ಅವರಿಗಿಂತ ಎಚ್ಚರದವರೆಂದು ಇನ್ನೂ ಗೊತ್ತಾಗಿಲ್ಲ.

ಮಾಡಬಾರದ್ದು

ಒಂದೊಂದು ಪದಕ್ಕೆ ಅರ್ಥ ಹುಡುಕಬಾರದು. "ಸಾರ್, −256/3 ಗೆರೆ ಅಂದರೇನು?" ಎಂದು ಪ್ರತಿ ವರ್ಷ ಒಬ್ಬರು ಕೇಳುತ್ತಾರೆ. ಏನೂ ಅಲ್ಲ. ತೂಕ ಬದಲಿಸಿದರೆ ಅದೂ ಬದಲಾಗುತ್ತದೆ. ಮಂಡಿ ಪಟ್ಟಿಯ ನಡುವಿನ ಒಂದು ಸಾಲು ನೋಡಿ ಕೈಗೆ ಬರುವ ಹಣ ಎಷ್ಟೆಂದು ಹೇಳಲಾಗದಷ್ಟೇ ಇದು ಸರಳ.

ಪದ ಸೊನ್ನೆಯಾಯಿತೆಂದು ಸ್ಥಿರಬಿಂದುವನ್ನೇ ಪಟ್ಟಿಯಿಂದ ಹೊಡೆದುಹಾಕಕೂಡದು. 27ರ ಲೆಕ್ಕದಲ್ಲಿ ಮೂರು ಕಡ್ಡಿ ಸುಮ್ಮನಿದ್ದವು, ಇಲ್ಲವಾಗಲಿಲ್ಲ. ಬೇರೆ ಪ್ರಶ್ನೆ ಕೇಳಿದರೆ ಅವೇ ಬಾಯಿಬಿಡುತ್ತವೆ. ಎರಡು ಗೆರೆಯ ಲೆಕ್ಕದಲ್ಲಿ 81/4 ಕೊಟ್ಟ ಒಂದು ಕಡ್ಡಿ 0–3.

ಎರಡು ಅಡಿಕೆಗೆ ಒಂದೇ ಅಂಕಿ ಬರೆಯಬಾರದು. ಬರೆದರೆ ಛೇದ ಸೊನ್ನೆಯಾಗುತ್ತದೆ, ಯಾಕೆಂದರೆ ಆಗ ಆರು ಕಡ್ಡಿಯಲ್ಲದೆ ಬೇರೆ ಗೆರೆಗಳೂ ಸ್ಥಿರವಾಗಿ ನಿಂತಿರುತ್ತವೆ. ಸೊನ್ನೆಯಿಂದ ಭಾಗಿಸಿದ್ದಕ್ಕೆ ಕ್ಯಾಲ್ಕುಲೇಟರನ್ನು ಬೈಯಬೇಡಿ.

ಅಂಕಿಗಳು ಬೇರೆ ಬೇರೆ ಇದ್ದರೆ ಎಲ್ಲ ಕಡೆಗೂ ಸಾಕು ಎಂದು ತಿಳಿಯಬಾರದು. ಹೆಚ್ಚು ಜನ ಬೀಳುವ ಗುಂಡಿ ಇದು. ಗೆರೆಗಳಿಗೆ 0, 1, 2, 3 ಸುಸೂತ್ರ. ಇದೇ ತೂಕ ಹಿಡಿದು ಎರಡನೇ ಘಾತದ ವಕ್ರಗಳಾದ ಕಾನಿಕ್‌ಗಳಿಗೆ, ಅಂದರೆ ಕೊಂಟ್ಸೆವಿಚ್ 1995ರಲ್ಲಿ ಟೋರಸ್ ಹಚ್ಚಿ ಎಣಿಸಿದ ಸ್ಟೇಬಲ್ ಮ್ಯಾಪ್‌ಗಳ ಜಾಗಕ್ಕೆ ಹೋಗಿ ನೋಡಿ, ಲೆಕ್ಕ ಅಲ್ಲೇ ಕುಸಿಯುತ್ತದೆ. ಅಲ್ಲಿ ಕಡ್ಡಿಯನ್ನು ಎರಡು ಸಲ ಸುತ್ತಿದರೆ ಎರಡು ತುದಿಯ ಸರಾಸರಿಯೂ ಲೆಕ್ಕಕ್ಕೆ ಬರುತ್ತದೆ. 0 ಮತ್ತು 2ರ ಸರಾಸರಿ 1. ಅದು ಇನ್ನೊಂದು ಅಡಿಕೆಯ ಅಂಕಿಯೇ. ಕಳೆದರೆ ಸೊನ್ನೆ. ಕಣ್ಣಿಗೆ ಕಾಣುವ ಕಾರಣವೂ ಇದೆ: 0, 1, 2 ತೂಕದ ಕ್ರಿಯೆಯಲ್ಲಿ ಮೊದಲ ಮತ್ತು ಮೂರನೇ ನಿರ್ದೇಶಾಂಕದ ಗುಣಲಬ್ಧ ಎರಡನೆಯದರ ವರ್ಗಕ್ಕೆ ಸಮ ಎನ್ನುವ ನಯವಾದ ಕಾನಿಕ್ ತಾನೂ ಅಲ್ಲಾಡದೆ ನಿಲ್ಲುತ್ತದೆ. ನೀವು ಎಣಿಸದ ಅತಿಥಿ ಪಂಕ್ತಿಯಲ್ಲಿ ಕೂತ ಹಾಗೆ. ತೂಕ ಆರಿಸುವಾಗ ಇಂಥ ಎಲ್ಲ ಸರಾಸರಿಗಳನ್ನೂ ಪರೀಕ್ಷಿಸಿ, ಅಥವಾ ತೂಕಗಳನ್ನು ಅಕ್ಷರವಾಗಿಯೇ ಬಿಟ್ಟು ಕೊನೆಯಲ್ಲಿ ಅಂಕಿ ತುಂಬಿ.

ಭಿನ್ನರಾಶಿ ಕಂಡು ಗಾಬರಿಯಾಗಬೇಡಿ. ಪೂರ್ಣಾಂಕ ಕಂಡು ಬೀಗಲೂಬೇಡಿ. ಗ್ರಾಸ್‌ಮನ್ನಿಯನ್‌ನಲ್ಲಿ ಕೊನೆಯ ಉತ್ತರ ಪೂರ್ಣಾಂಕವೇ ಆಗಬೇಕು. ಸ್ಟೇಬಲ್ ಮ್ಯಾಪ್‌ಗಳ ಜಾಗದಲ್ಲಿ ಹಾಗಲ್ಲ, ಅಲ್ಲಿನ ಬಿಂದುಗಳಿಗೆ ತಮ್ಮದೇ ಸಮಮಿತಿ ಇರುತ್ತದೆ, ಅದರಿಂದ ಭಾಗಿಸಬೇಕು. ಕ್ವಿಂಟಿಕ್ ಮೇಲೆ ಕಾನಿಕ್ ಎಣಿಸಹೋದರೆ ಸಿಗುವುದು 4876875/8. ಅದರಲ್ಲಿ ಕ್ವಿಂಟಿಕ್ ಮೇಲಿನ 2875 ಗೆರೆಗಳನ್ನು ಎರಡೆರಡು ಸಲ ಸುತ್ತಿದ ಪಾಲು ಸೇರಿಕೊಂಡಿದೆ, ಒಂದೊಂದಕ್ಕೂ ಎಂಟನೇ ಒಂದು. ಅದನ್ನು ಕಳೆದ ಮೇಲೆ ನಿಜವಾದ ಕಾನಿಕ್‌ಗಳು 609250. ಸಮಮಿತಿಯಿಂದ ಭಾಗಿಸುವುದನ್ನು ಮರೆಯಬಾರದು, ಎರಡು ಸಲ ಭಾಗಿಸಲೂ ಬಾರದು. ಎರಡನ್ನೂ ಮಾಡಿದವರು ಈ ಜಗಲಿಯಲ್ಲೇ ಇದ್ದಾರೆ. ಹೆಸರು ಬೇಡ.

ಜಾಗ ನಯವಿಲ್ಲದಿದ್ದಾಗ ಬಾಟ್ ಸೂತ್ರವನ್ನು ಹಾಗೆಯೇ ತಂದು ಹಚ್ಚಕೂಡದು. ಅದಕ್ಕೆ ಗ್ರೇಬರ್ ಮತ್ತು ಪಂಢರಿಪಾಂಡೆ 1999ರಲ್ಲಿ ವರ್ಚುಯಲ್ ವರ್ಗಕ್ಕೆ ಹೊಂದುವ ರೂಪ ಕೊಟ್ಟಿದ್ದಾರೆ. ಅದನ್ನು ಓದದೆ "ವರ್ಚುಯಲ್" ಎಂಬ ಪದ ಬಾಯಿಗೆ ತರಬಾರದು.

ಇಲ್ಲದ ಟೋರಸ್ ಹುಡುಕಬಾರದು. ಹೋದ ವರ್ಷ ಒಬ್ಬರು ಮೂರು ಭಾನುವಾರ ಇದರಲ್ಲೇ ಕಳೆದರು, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಮಾಡ್ಯುಲೈ ಎಂದರೆ ನಮ್ಮ ದೇಶದಲ್ಲಿ ಮೊದಲು ನೆನಪಾಗುವುದು 1965ರ ನರಸಿಂಹನ್–ಶೇಷಾದ್ರಿ ಪ್ರಮೇಯ. ಎಂ.ಎಸ್. ನರಸಿಂಹನ್ ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲೇ ಇದ್ದರು, 2021ರ ಮೇ ತಿಂಗಳಲ್ಲಿ ಅಲ್ಲೇ ತೀರಿಕೊಂಡರು. ಒಂದು ವಕ್ರದ ಮೇಲಿನ ಸ್ಟೇಬಲ್ ಬಂಡಲ್‌ಗಳ ಜಾಗವನ್ನು ಅವರಷ್ಟು ಹತ್ತಿರದಿಂದ ಕಂಡವರು ಕಡಿಮೆ. ಆ ಜಾಗದ ಮೇಲೆ ಟೋರಸ್ ಕ್ರಿಯೆ ಹಚ್ಚಿ ಎಣಿಸಿಬಿಡೋಣ ಎಂಬ ಆಸೆ ಸಹಜ. ಆದರೆ ವಕ್ರದ ಜೀನಸ್ ಎರಡು ಅಥವಾ ಹೆಚ್ಚು, ಡಿಟರ್ಮಿನೆಂಟ್ ಗೊತ್ತುಮಾಡಿದ್ದು, ರ‍್ಯಾಂಕ್ ಮತ್ತು ಡಿಗ್ರಿಗೆ ಸಾಮಾನ್ಯ ಅಪವರ್ತನ ಇಲ್ಲದ್ದು ಎಂದಾದರೆ, ಆ ಜಾಗದ ಮೇಲೆ ವೆಕ್ಟರ್ ಫೀಲ್ಡೇ ಇಲ್ಲವೆಂದು ನರಸಿಂಹನ್ ಮತ್ತು ರಾಮನನ್ 1975ರಲ್ಲೇ ತೋರಿಸಿದ್ದಾರೆ. ವೆಕ್ಟರ್ ಫೀಲ್ಡ್ ಇಲ್ಲದ ಕಡೆ ಟೋರಸ್ ಎಲ್ಲಿಂದ ಅಲ್ಲಾಡಿಸೀತು? ಕೆರೆಯೇ ಇಲ್ಲದ ಕಡೆ ಗಾಳ ಹಾಕಿ ಕೂತಂತೆ.

ದಾರಿ ಬೇರೆ ಇದೆ. 1987ರಲ್ಲಿ ಹಿಚಿನ್ ಇದಕ್ಕಿಂತ ದೊಡ್ಡ ಜಾಗಕ್ಕೆ ಹೋದರು. ಬಂಡಲ್‌ನ ಜೊತೆ ಹಿಗ್ಸ್ ಫೀಲ್ಡ್ ಎಂಬುದೊಂದನ್ನೂ ಹೊತ್ತ ಜೋಡಿಗಳ ಜಾಗ ಅದು. ಅಲ್ಲಿ ಹಿಗ್ಸ್ ಫೀಲ್ಡನ್ನು ಒಂದು ಸಂಖ್ಯೆಯಿಂದ ಗುಣಿಸುವುದೇ ಕ್ರಿಯೆ. ಫೀಲ್ಡ್ ಸೊನ್ನೆಯಾದ ಕಡೆ ಗುಣಿಸಿದರೂ ಏನೂ ಆಗದು. ಹಾಗಾಗಿ ನರಸಿಂಹನ್–ಶೇಷಾದ್ರಿಯವರ ಇಡೀ ಜಾಗವೇ ಅಲ್ಲಿ ಸ್ಥಿರವಾಗಿ ನಿಂತ ಒಂದು ತುಂಡು! ನನಗೆ ಈ ಇಡೀ ವಿಷಯದಲ್ಲಿ ಇದರಷ್ಟು ಇಷ್ಟವಾದದ್ದು ಇನ್ನೊಂದಿಲ್ಲ. ಆದ್ದರಿಂದ ಸ್ಥಿರವಾದದ್ದು ಯಾವಾಗಲೂ ಚುಕ್ಕಿ ಎಂದು ಬರೆಯಬಾರದು. ಇನ್ನೊಂದು: ಹಿಗ್ಸ್ ಜಾಗ ಸಾಂದ್ರವಲ್ಲ, ಸ್ಥಿರಭಾಗ ಮಾತ್ರ ಸಾಂದ್ರ. ಅಂಥಲ್ಲಿ ಸೂತ್ರದ ಬಲಭಾಗವನ್ನೇ ಎಡಭಾಗದ ಅರ್ಥವೆಂದು ಇಟ್ಟುಕೊಳ್ಳಬಹುದು. ಆದರೆ ಅದು ವ್ಯಾಖ್ಯೆ, ಪ್ರಮೇಯವಲ್ಲ, ಎಂದು ಪಕ್ಕದಲ್ಲಿ ಬರೆಯಿರಿ. ಬರೆಯದೆ ದಾಟಿಸಿದರೆ ಹಲಗೆ ಒರೆಸಲಾಗುವುದು.

ಉತ್ತರ ಸರಿ ಬಂತೆಂದು ಲೆಕ್ಕ ಸರಿಯೆಂದು ಹೇಳಬಾರದು. ಇದಕ್ಕೆ ಸಾಕ್ಷಿ ನಾನೇ. ಬಹಳ ವರ್ಷದ ಹಿಂದೆ, ಒಂದು ಊರಿನ ಸೆಮಿನಾರಿನಲ್ಲಿ, ಇದೇ 27ನ್ನು ಜಂಬದಿಂದ ಬರೆದು ಕೈಗೆ ಹತ್ತಿದ ಸುಣ್ಣ ಝಾಡಿಸಿದೆ. ಹಿಂದಿನ ಬೆಂಚಿನಲ್ಲಿದ್ದ ಹುಡುಗಿಯೊಬ್ಬಳು, "ಸಾರ್, ಇದೇ ಚಿಹ್ನೆ ಇಟ್ಟುಕೊಂಡು ಬರೀ ಒಂದು ಪ್ರೊಜೆಕ್ಟಿವ್ ಗೆರೆ ಮೇಲೆ ಒಂದು ಬಿಂದು ಎಣಿಸಿ ತೋರಿಸಿ" ಎಂದಳು. ಎರಡೇ ಸ್ಥಿರಬಿಂದು, ತೂಕ 0 ಮತ್ತು 1. ಬರೆದೆ. ಬಂದದ್ದು −1. ಒಂದು ಗೆರೆಯ ಮೇಲೆ ಋಣ ಒಂದು ಬಿಂದು! ಬಂಡಲ್ ಬರೆಯಬೇಕಾದ ಕಡೆ ಅದರ ಡ್ಯುಯಲ್‌ನ ತೂಕ ಇಟ್ಟಿದ್ದೆ. 27ರಲ್ಲಿ ನಾಲ್ಕು ಋಣ ಗುಣಿಸಿಕೊಂಡು ಧನವಾಗಿ ನನ್ನ ತಪ್ಪನ್ನು ಮುಚ್ಚಿದ್ದವು. ಆಯಾಮ ಬೆಸವಾದ ಕಡೆ ಅದು ಬಯಲಾಯಿತು. ಅಂದಿನಿಂದ ಯಾವ ದೊಡ್ಡ ಲೆಕ್ಕಕ್ಕೂ ಮುಂಚೆ ಹಲಗೆಯ ಮೂಲೆಯಲ್ಲಿ ಆ ಒಂದು ಬಿಂದುವಿನ ಲೆಕ್ಕ ಮಾಡಿ +1 ಬಂತೆಂದು ನೋಡಿಕೊಳ್ಳುತ್ತೇನೆ. ನೀವೂ ಮಾಡತಕ್ಕದ್ದು. ಆ ಮೂಲೆಯನ್ನು ಯಾರೂ ಒರೆಸಬಾರದು.

ಮುಂದಿನ ಭಾನುವಾರಕ್ಕೆ

ಕ್ವಿಂಟಿಕ್ ಮೇಲಿನ ಗೆರೆಗಳ ಲೆಕ್ಕ: ಐದು ಹಣ್ಣಡಿಕೆ, ಹತ್ತು ಕಡ್ಡಿ. ಅಂಕಿ 0ಯಿಂದ 4. ಈಗ ಒಂದು ಕಡ್ಡಿಗೆ ತಾಗುವ ಕಡ್ಡಿ ಆರು, ಹಾಗಾಗಿ ಛೇದದಲ್ಲಿ ಆರು ತೂಕ. ಮೇಲಿನದರಲ್ಲೂ ಆರು: ಒಂದು ತುದಿಯ ಐದರಷ್ಟರಿಂದ ಶುರುಮಾಡಿ ಒಂದೊಂದೇ ಪಾಲು ಇನ್ನೊಂದು ತುದಿಗೆ ದಾಟಿಸುತ್ತ ಅದರ ಐದರಷ್ಟರವರೆಗೆ. ಸೊನ್ನೆ ತಾಗಿದ ನಾಲ್ಕು ಕಡ್ಡಿ ಸುಮ್ಮನಿರುತ್ತವೆ, ಆರು ಮಾತಾಡುತ್ತವೆ. 2875 ಬರಬೇಕು. ಬಂದವರು ಬೇರೆ ತೂಕದಲ್ಲಿ ಇನ್ನೊಮ್ಮೆ ಮಾಡಿ ಎರಡೂ ಹಾಳೆ ತನ್ನಿ. ಬಾರದವರು ಬಾರದ ಹಾಳೆಯನ್ನೇ ತನ್ನಿ, ಪಕ್ಕದವರದನ್ನು ನೋಡಿ ತಿದ್ದಿದ್ದು ನನಗೆ ಗೊತ್ತಾಗುತ್ತದೆ. ಕಿಟಕಿಯ ಮೇಲಿರುವ ಹಳೇ ಮಾದರಿ ಒಯ್ಯಬೇಡಿ. ಅಡಿಕೆ ಬೇಕಿದ್ದರೆ ಕೇಳಿ, ಕೊಡುತ್ತೇನೆ. ಕಡ್ಡಿ ನಿಮ್ಮ ನಿಮ್ಮ ಮನೆಯಿಂದ.